ಕರೆದರೆ ಬರುತ್ತಿದ್ದ ಮಿಂಚುಳ್ಳಿ

ನಮ್ಮ ಹಳ್ಳದ ಮಿಂಚುಳ್ಳಿಯನ್ನು ನೀವು ನೋಡಬೇಕಿತ್ತು. ಅದರ ನೀಲಿಗೆ ನಾಚಿ ಆಕಾಶವೇ ಮೋಡದ ಮುಸುಕು ಎಳೆದುಕೊಳ್ಳುತ್ತಿತ್ತು. ಅದು ಮೀನಿಗೆ ಧುಮುಕಿದರೆ ನನ್ನ ಜೀಪಿನ ಗಾಜೆಲ್ಲ ಗಡಗಡ! ಆ ಹಕ್ಕಿ ನೋಡಲು ಜನ ಏಳು ಸಮುದ್ರ ದಾಟಿ ಬರುತ್ತಿದ್ದರು. ನಾನು ಜೀಪಿನಲ್ಲಿ ಕರೆತರುತ್ತಿದ್ದೆ. ಅಕ್ಕ-ಭಾವ ತಮ್ಮ ಮೂರು ಕೋಣೆಗಳಲ್ಲಿ ಉಳಿಸಿಕೊಳ್ಳುತ್ತಿದ್ದರು. ಅದೇ ಅವರ ಅನ್ನ.

ತಾಪತ್ರಯ ಒಂದೇ. ಹಕ್ಕಿ ಗಡಿಯಾರ ನೋಡುವುದಿಲ್ಲ, ಅತಿಥಿ ನೋಡುತ್ತಾನೆ. ಹಕ್ಕಿ ಕಾಣದವನು ಊರು ಸೇರುವ ಮೊದಲೇ ಫೋನಿನಲ್ಲಿ ‘ದಂಡ’ ಎಂದು ಬರೆದು ಒಂದೇ ಸ್ಟಾರ್ ಕೊಡುತ್ತಿದ್ದ. ಮರುವಾರ ಕೋಣೆಗಳು ಖಾಲಿ.

ಭಾವ ಉಪಾಯ ಹೂಡಿದರು. ಮಿಂಚುಳ್ಳಿಯ ಕೂಗನ್ನು ಫೋನಿಗೆ ಇಳಿಸಿಕೊಂಡು, ದಂಡೆಯ ಮಣ್ಣಿನ ಬಿಲದಲ್ಲಿದ್ದ ಗೂಡಿನೆದುರು ಹಾಕಿದರು. ಹಕ್ಕಿ ಬಾಣದಂತೆ ಹೊರಬಂತು!

ಅರಣ್ಯ ಕಾಯುವ ಗಾರ್ಡಮ್ಮ ಅಂಗಳಕ್ಕೇ ಬಂದರು.

“ಅಣ್ಣಾ, ಗೂಡಲ್ಲಿ ಮೊಟ್ಟೆ ಇದೆ. ಆ ಕೂಗು ಹಾಕ್ಬೇಡಿ.”

“ನಾನೇನು ಕಲ್ಲು ಹೊಡೆದ್ನಾ, ಬಲೆ ಬೀಸಿದ್ನಾ? ಬರೀ ಹಾಡು ಹಾಕಿದ್ದಮ್ಮಾ!”

“ನಿಮಗೆ ಹಾಡು. ಅದಕ್ಕೆ, ಯಾರೋ ಮನೆ ಕಿತ್ಕೊಳ್ಳೋಕೆ ಬಂದ ಹಾಗೆ. ಕಾವು ಬಿಟ್ಟು ಜಗಳಕ್ಕೆ ಓಡಿ ಬರುತ್ತೆ. ಮೊಟ್ಟೆ ತಣ್ಣಗಾಗುತ್ತೆ.”

“ಹಾಗಾದ್ರೆ ಬಂದವರಿಗೆ ನಿಮ್ಮನ್ನೇ ತೋರಿಸ್ಲಾ?” ಭಾವ ನಕ್ಕರು.

“ರೀ, ಸ್ವಲ್ಪ ಕೇಳ್ರೀ,” ಎಂದಳು ಅಕ್ಕ ಒಳಗಿನಿಂದ.

ಕೇಳಲಿಲ್ಲ. ಆಕಾಶದಲ್ಲಿ ಇರದಷ್ಟು ಸ್ಟಾರುಗಳು ನಮ್ಮ ಮನೆಗೆ ಬಿದ್ದವು.

ಆಮೇಲೊಂದು ಬೆಳಿಗ್ಗೆ ಅತಿಥಿಗಳೆದುರು ಭಾವ ಫೋನ್ ಎತ್ತಿದರು. ಫೋನ್ ಕೂಗಿತು. ಹಳ್ಳ ಸುಮ್ಮನಿತ್ತು. ಮತ್ತೆ ಕೂಗಿತು. ಮತ್ತೆ. ಹಕ್ಕಿ ಗೂಡು ಬಿಟ್ಟು ಹೋಗಿತ್ತು.

ಗಾರ್ಡಮ್ಮ ದಂಡೆಯ ಬಿಲದೊಳಗೆ ತೋಳು ತೂರಿಸಿ, ಒಂದು ಬಿಳಿ ಮೊಟ್ಟೆ ತೆಗೆದು ಭಾವನ ಅಂಗೈಯಲ್ಲಿಟ್ಟರು. ಹಳ್ಳದ ಕಲ್ಲಿನಂತೆ ತಣ್ಣಗಿತ್ತು.

“ಈಗ ಬೆಚ್ಚಗಿಟ್ರೆ...?”

“ಆಗಲ್ಲ ಅಣ್ಣಾ.”

ಭಾವ ಬೆರಳು ಮಡಿಸಿ, ಬಹಳ ಹೊತ್ತು ಅದನ್ನು ಹಿಡಿದೇ ನಿಂತರು. ಆ ದಿನವೇ ಫೋನಿನ ಕೂಗು ಅಳಿಸಿದರು. ಈಗ ಗೇಟಿನಲ್ಲಿ ಬೋರ್ಡಿದೆ: ‘ಕಾಣಿಸಿಕೊಳ್ಳುವುದು ಹಕ್ಕಿಯ ಇಷ್ಟ. ಕಾಯಲು ಬೆಂಚಿದೆ.’ ಬೆಂಚಿನಲ್ಲಿ ಹೆಚ್ಚಾಗಿ ಭಾವ ಒಬ್ಬರೇ ಕೂತಿರುತ್ತಾರೆ.

ಹಕ್ಕಿ ತೋರಿಸುವ ಬಂಧುಗಳೇ, ಗೂಡಿನ ಬಳಿ ಕೂಗು ಹಾಕಬೇಡಿ. ನೋಡಲು ಬರುವವರೇ, ಹಾಕಿ ಎಂದು ಪೀಡಿಸಬೇಡಿ. ಕಾಣದಿದ್ದರೆ ಸಿಟ್ಟಾಗದೆ ಇನ್ನೊಂದು ದಿನ ಉಳಿಯಿರಿ. ಅಕ್ಕನ ಅಡುಗೆಗೆ ದೇವತೆಗಳೂ ಸಾಲು ನಿಲ್ಲುತ್ತಾರೆ! ಮಿಂಚುಳ್ಳಿ ಮರಳಿದರೆ ಮೂರು ಲೋಕಕ್ಕೂ ಕೇಳುವಂತೆ ನಾನೇ ಡಂಗುರ ಹೊಡೆಯುತ್ತೇನೆ.

ಇನ್ನೂ ಹೊಡೆದಿಲ್ಲ.