ಅರಮನೆ ನೋಡುವ ಭಾನುವಾರ

ದುರ್ಗಕ್ಕೆ ಹೋಗುವ ಯೋಚನೆ ಕೀರ್ತನಾಳದು. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಆಮೇಲೆ ಮನೆಯವರೆಲ್ಲ ಅದು ತಮ್ಮದೇ ತಲೆಗೆ ಹೊಳೆದದ್ದು ಅನ್ನುವ ಹಾಗೆ ಮಾತಾಡಿದರು.

ಹಿರಿಯೂರಿನಿಂದ ಬರುವ ಬಸ್ಸಿಳಿದು ಡಾಂಬರು ರಸ್ತೆ ಮುಗಿದ ಮೇಲೂ ಒಂದಷ್ಟು ನಡೆದರೆ ಸಿಗುವ ಗೊಲ್ಲರ ಹಟ್ಟಿ ಅವರದು. ಅಪ್ಪ ಎತ್ತಪ್ಪ ವರ್ಷದ ಮುಕ್ಕಾಲು ಪಾಲು ಕುರಿಗಳ ಹಿಂದೆ ಇರುವವನು. ಮನೆ ನಡೆಯುವುದು ಅವ್ವ ಕೆಂಚಕ್ಕನ ಮಾತಿನಂತೆ. ಪಿಯುಸಿ ಮುಗಿಸಿದ ಕೀರ್ತನಾಗೆ ದುರ್ಗದಲ್ಲಿ ನರ್ಸಿಂಗ್ ಓದಬೇಕು. ಅದೊಂದನ್ನು ಬಿಟ್ಟು ಅವಳು ಈ ವರ್ಷ ಬೇರೇನನ್ನೂ ಕೇಳಿರಲಿಲ್ಲ.

"ಹಾಸ್ಟೆಲ್ನಾಗೆ ಎಂಥೆಂಥೋರು ಇರ್ತಾರೋ" ಅನ್ನುವುದು ಅವ್ವನ ಒಂದೇ ರಾಗ. ಕೆಂಚಕ್ಕ ಹಾಸ್ಟೆಲ್ಲನ್ನು ಕನಸಲ್ಲೂ ಕಂಡವಳಲ್ಲ. ಕಾಣದ ಜಾಗಗಳ ಬಗ್ಗೆ ನಮ್ಮ ಜನಕ್ಕೆ ಇರುವ ಗಟ್ಟಿ ಅಭಿಪ್ರಾಯ ಕಂಡ ಜಾಗಗಳ ಬಗ್ಗೆ ಇರುವುದಿಲ್ಲ.

ಹಾಗಾದರೆ ಕಾಣಿಸಿಯೇಬಿಡೋಣ ಎಂದು ಕೀರ್ತನಾ ಲೆಕ್ಕ ಹಾಕಿದಳು. ಒಂದು ಭಾನುವಾರ ಬೆಳಗಿನ ಬಸ್ಸಿಗೆ ಹೊರಡುವುದು. ಬಿಸಿಲೇರುವ ಮುಂಚೆ ಕೋಟೆ ಹತ್ತುವುದು. ಒನಕೆಯ ಕಥೆಯ ಆ ಕಿಂಡಿಯ ಹತ್ತಿರ ಎಲ್ಲರೂ ಹೋಗುತ್ತಾರೆ, ಅಲ್ಲೇ ಫೋಟೋ ತೆಗೆಸಿಕೊಂಡು ವಾಪಸ್ ಬರುತ್ತಾರೆ. ಸ್ಕೂಲಿನವರು ಇವಳನ್ನು ಕರೆದುಕೊಂಡು ಹೋದಾಗಲೂ ಅಷ್ಟೇ ಆಗಿತ್ತು. ಈ ಸಲ ಮೇಲಿನ ಅರಮನೆಯ ತನಕ ಹೋಗಬೇಕು. ಇಳಿದ ಮೇಲೆ ಊಟ. ಅವ್ವ ಹೊಟ್ಟೆ ತುಂಬ ಉಂಡು ಖುಷಿಯಲ್ಲಿದ್ದಾಗ ಆಟೋ ಹಿಡಿದು ಸೀದಾ ಹಾಸ್ಟೆಲ್ಲಿಗೆ. ಗೇಟು, ಕಾಂಪೌಂಡು, ವಾರ್ಡನ್ ಎಲ್ಲವನ್ನೂ ಅವ್ವ ಒಂದು ಸಲ ನೋಡಿಬಿಟ್ಟರೆ ಸಾಕು.

ಅಣ್ಣ ಗೋವರ್ಧನ "ಹೋಗಾಣ ಬಿಡು" ಅಂದ. ಅವ್ವ ಅವನಿಗಿಂತ ಬೇಗ ಒಪ್ಪಿದಳು. ಅಷ್ಟೇ ಅಲ್ಲ, "ನೀನು ಹೊರಗಾಗೋದು ಯಾವಾಗ?" ಎಂದು ಕೇಳಿ, ಮುಟ್ಟಿನ ಆ ದಿನಗಳನ್ನು ತಪ್ಪಿಸಿ ಭಾನುವಾರವನ್ನೂ ತಾನೇ ಗೊತ್ತು ಮಾಡಿದಳು. ಅವ್ವನಿಗೆ ತನ್ನ ಮೇಲೆ ಇಷ್ಟೊಂದು ಕಾಳಜಿ ಇದೆಯಲ್ಲ ಎಂದು ಹುಡುಗಿಯ ಕಣ್ಣು ಒದ್ದೆಯಾಯಿತು. ಪಾಪ.

ಶನಿವಾರ ಸಂಜೆ ಕೆಂಚಕ್ಕ ಟ್ರಂಕಿನಿಂದ ಹಸಿರು ರೇಷ್ಮೆ ಸೀರೆ ತೆಗೆದಿಟ್ಟಳು.

"ಬಂಡೆ ಹತ್ತಾಕೆ ರೇಷ್ಮೆ ಸೀರೆ ಯಾಕವ್ವ?"

"ಉಟ್ಕ ಅಂದ್ರೆ ಉಟ್ಕ."

ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅತ್ತಿಗೆ ರಂಜಿತಾಳ ಮುಂದೆ ಕೀರ್ತನಾ ಹೋಗಿ ಕೂತಳು. ರಂಜಿತಾ ತಿಕ್ಕುತ್ತಲೇ ತಲೆ ಎತ್ತದೆ ಹೇಳಿದಳು. "ಬಾಗೂರು ಕಡೆಯೋರು ನಿನ್ನ ನೋಡಾಕೆ ಬರ್ತಾರೆ. ಕಾಳಕ್ಕ ಅಂತ, ಅವಳ ಮಗ ಗಿರೀಶ್. ಅರಮನೆ ತಾವ ಸುಮ್ನೆ ಸಿಕ್ಕಂಗೆ ಸಿಗ್ತಾರೆ. ಹಿಡಿಸಿದ್ರೆ ಮಾತು, ಇಲ್ದಿದ್ರೆ ಯಾರ ಮರ್ಯಾದೇನೂ ಹೋಗಲ್ಲ ನೋಡು. ನಾನು ಹೇಳ್ದೆ ಅನ್ಬ್ಯಾಡ ಕಣೇ."

"ನರ್ಸಿಂಗು?"

"ಮದ್ವೆ ಆದ್ಮೇಲೆ ಅವ್ರು ಓದಿಸಿದ್ರೆ ಓದಿಸ್ತಾರೆ."

ಓದಿಸುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ರಂಜಿತಾ ಕೂಡ ಟೀಚರ್ ಟ್ರೈನಿಂಗ್ ಮಾಡಬೇಕೆಂದುಕೊಂಡೇ ಈ ಮನೆಗೆ ಬಂದವಳು. ಕೀರ್ತನಾಗೆ ಮೋಸ ಹೋದದ್ದಕ್ಕಿಂತ, ತಾನೇ ಬಸ್ಸು, ದಾರಿ, ಹೊತ್ತು ಎಲ್ಲ ಹೊಂದಿಸಿ ಕೊಟ್ಟೆನಲ್ಲ ಎಂದು ಹೆಚ್ಚು ದುಃಖವಾಯಿತು.

ಹಟ್ಟಿಯಲ್ಲಿ ಹುಡುಗಿಯರ ಮಾತಿಗೆ ಬೆಲೆ ಕಡಿಮೆ. ಆದರೆ ಒಂದು ಮಾತು ಮಾತ್ರ ಹಾಗಲ್ಲ. ಹೆಣ್ಣು "ಹೊರಗಾದೆ" ಅಂದರೆ ಮುಗಿಯಿತು, ಯಾವ ಹಿರಿಯನೂ ಒಳಗೆ ಬಾ ಅನ್ನುವಂತಿಲ್ಲ. ಮೂರು ದಿನ ಮುಳ್ಳುಬೇಲಿಯ ಆಚೆಗಿನ ಕೋಣೆಯಲ್ಲಿ ಇರಬೇಕು. ಆ ಕೋಣೆ ಕಂಡರೆ ಕೀರ್ತನಾಗೆ ಆಗುತ್ತಿರಲಿಲ್ಲ. ಮಳೆಯಲ್ಲಿ ಸೋರುತ್ತದೆ, ಚೇಳು ಬರುತ್ತದೆ. ಭಾನುವಾರ ಬೆಳಿಗ್ಗೆ ಅವಳು ತಾನೇ ಚಾಪೆ ಎತ್ತಿಕೊಂಡು ಅಲ್ಲಿಗೆ ನಡೆದಳು.

ಬೇಲಿಯ ಈಚೆ ನಿಂತು ಕೆಂಚಕ್ಕ ಕೇಳಿದಳು. "ಈಗಲೇ ಆತಾ?"

"ಹೂಂ ಅವ್ವ."

ಕೆಂಚಕ್ಕ ದೇವರಿಗೆ ಒಂದು ಬೈಗುಳ ಬೈದು, ಕೆನ್ನೆಗೆ ಹೊಡೆದುಕೊಂಡು, ಮಗನನ್ನು ಕರೆದಳು. ಬರುತ್ತೇವೆ ಅಂದವರು ಹೊರಟಾಗಿರುತ್ತದೆ, ಹೋಗಿ ಮುಖ ತೋರಿಸಿ ಬರದಿದ್ದರೆ ತಪ್ಪಾಗುತ್ತದೆ ಎಂದು ತಾಯಿ ಮಗ ಇಬ್ಬರೂ ಬಸ್ಸಿಗೆ ಹೋದರು.

ಕೀರ್ತನಾ ದಿನವೆಲ್ಲ ಗೋಡೆಗೆ ಒರಗಿ ಕೂತಿದ್ದಳು. ಈಗ ಕೋಟೆ ಬಾಗಿಲು ದಾಟಿರುತ್ತಾರೆ, ಈಗ ಹೊಂಡದ ಹತ್ತಿರ ಇರುತ್ತಾರೆ ಎಂದುಕೊಂಡಳು. ತಾನು ಕೂಡಿಸಿಟ್ಟ ದಿನದಲ್ಲಿ ಬೇರೆಯವರು ತಿರುಗಾಡುವುದನ್ನು ನೆನೆದು ಎರಡು ಸಲ ಅತ್ತಳು. ಆದರೂ ಒಳಗೊಳಗೇ ಒಂದು ಸಮಾಧಾನ ಇತ್ತು. ಅರಮನೆ ಎಲ್ಲಿಗೂ ಹೋಗುವುದಿಲ್ಲ. ಬಾಗೂರಿನವರು ಮಾತ್ರ ಇನ್ನೊಂದು ಹುಡುಗಿಯನ್ನು ನೋಡಿಕೊಳ್ಳುತ್ತಾರೆ, ಅಷ್ಟರಲ್ಲಿ ಕಾಲೇಜು ಶುರುವಾಗುತ್ತದೆ.

ಸಂಜೆ ಇಬ್ಬರೂ ಬಂದು ಬೇಲಿಯ ಬಳಿ ನಿಂತರು. ಗೋವರ್ಧನನ ಮುಖ ಬಿಸಿಲಿಗೆ ಕೆಂಪಾಗಿತ್ತು.

"ಅರಮನೆ ನೋಡಿದ್ರಾ ಅಣ್ಣ?"

"ಅದೇನು ಅರಮನೆ, ಬರೀ ಮಣ್ಣಿನ ಗೋಡೆ ಅವೆ. ಕುಂತ್ಕಳಾಕೆ ನೆರಳಿಲ್ಲ."

"ಹಾಸ್ಟೆಲ್ಲು?"

"ಅದ್ಯಾಕಿನ್ನು? ಬಾಗೂರೋರು ಒಪ್ಪಿದ್ರು. ಬರೋ ತಿಂಗಳು ಶಾಸ್ತ್ರ."

"ನನ್ನ ನೋಡೇ ಇಲ್ಲ?"

"ಫೋನಾಗೆ ಫೋಟೋ ತೋರಿಸ್ದೆ. ಆ ಹುಡುಗ ಸರಿಯಾಗಿ ನೋಡ್ಲೂ ಇಲ್ಲ ಬಿಡು."

ಕೆಂಚಕ್ಕ ಮುಂದೆ ಬಂದಳು. ಮಗಳ ಬಗ್ಗೆ ಅವಳಿಗೆ ಇಷ್ಟು ಹೆಮ್ಮೆ ಪಿಯುಸಿ ಪಾಸಾದಾಗಲೂ ಆಗಿರಲಿಲ್ಲ. "ಹುಡುಗಿ ಎಲ್ಲಿ ಅಂದ್ಲು ಕಾಳಕ್ಕ. ಹೊರಗಾದ್ಲು, ಅದಕ್ಕೆ ಕರ್ಕಂಡು ಬರ್ಲಿಲ್ಲ ಅಂದೆ. ಅಷ್ಟೇ ಕಣೇ, ನನ್ನ ಕೈ ಹಿಡ್ಕಂಡ್ಲು. ಕಾಲೇಜಿಗೆ ಹೋದ ಹುಡುಗೀರು ಮುಚ್ಚಿಟ್ಕಂಡು ಒಳಗೇ ತಿರುಗ್ತಾವೆ, ನಿನ್ನ ಮಗಳು ದುರ್ಗ ನೋಡೋ ಆಸೆ ಬಿಟ್ಟು ತಾನೇ ಹೊರಗೆ ಹೋಗಿ ಕುಂತವ್ಳೆ, ನಂಗೆ ಇಂಥ ಸೊಸೇನೇ ಬೇಕಾಗಿದ್ದು ಅಂದ್ಲು."

ಕೀರ್ತನಾ ಎದ್ದು ಬೇಲಿಯ ಹತ್ತಿರ ಬಂದಳು. ಅಣ್ಣ ಹಿಂದಕ್ಕೆ ಸರಿದ.

"ನಾನು ಹೊರಗಾಗಿಲ್ಲವ್ವ. ಸುಳ್ಳು ಹೇಳಿದ್ದೆ. ಅವ್ರಿಗೆ ಫೋನ್ ಮಾಡಿ ಹೇಳು."

ಗೋವರ್ಧನ ನಕ್ಕ. "ಬೆಳಿಗ್ಗೆ ಒಂದು ಮಾತು, ಮದ್ವೆ ಅಂದಕೂಡ್ಲೆ ಇನ್ನೊಂದು ಮಾತಾ?"

"ದೇವ್ರಾಣೆಗೂ ಸುಳ್ಳು ಅಣ್ಣ."

ಕೆಂಚಕ್ಕ ನಗಲಿಲ್ಲ. ದಿನ ಎಣಿಸಿದವಳು ಅವಳೇ ಅಲ್ಲವೇ? ಬೇಲಿಯ ಮೇಲಿಂದ ಮಗಳ ಕಡೆ ಬಾಗಿ, ಮಗನಿಗೆ ಕೇಳದ ಹಾಗೆ ದನಿ ತಗ್ಗಿಸಿದಳು. "ಸುಳ್ಳು ಅಂತ ನಂಗೆ ಹೋಗೋ ಬಸ್ಸಿನಾಗೇ ಗೊತ್ತಾತು. ಈಗ ಯಾರ ಮುಂದೂ ಅನ್ಬ್ಯಾಡ. ಹೋಗಿ ಕುಂತ್ಕ, ಊಟ ಕಳಿಸ್ತೀನಿ."