ಹಳದಿ ಹಾಳೆಯ ರಾಜಶ್ರೀ

ಮುಚ್ಚಳ ತೆಗೆದಿಟ್ಟ ಡಬ್ಬಿ ಕಂಡರೆ ರಾಜಶ್ರೀಯ ಜೀವ ಚಡಪಡಿಸುತ್ತದೆ. ಹಳಿಯಾಳದ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಹೋದರೆ ಬಿಸ್ಕಿಟ್ ಭರಣಿಯನ್ನು ತಾನೇ ಮುಚ್ಚಿ, 'ಗಾಳಿ ಹೊಕ್ಕತೈತ್ರಿ!' ಎಂದು ಅಂಗಡಿಯವನನ್ನೇ ಗದರಿಸಿ, ಮುಂದಕ್ಕೆ ಬಾಗಿದ ದಾಪುಗಾಲಿನಲ್ಲಿ ಹೊರಟುಬಿಡುವ ಈ ವಿಜ್ಞಾನಿಯ ಹಿಂದೆ ನಾನು ಎಷ್ಟೋ ಸಲ ಏದುಸಿರು ಬಿಟ್ಟು ಓಡಿದ್ದೇನೆ. ತೋಳಿಗೆ ಮಣ್ಣು ಮೆತ್ತಿದ ಆ ನೀಲಿ ಕೋಟು ಒಗೆತ ಕಂಡದ್ದನ್ನು ಮಾತ್ರ ನಾನರಿಯೆ.

ಆಕೆಯ ವಿದ್ಯೆಯೂ ಮುಚ್ಚುವುದರದೇ. ಅಣುಸ್ಥಾವರದ ತ್ಯಾಜ್ಯವನ್ನು ಭೂಗರ್ಭದಲ್ಲಿ ಹೂಳುವಾಗ ಸುತ್ತಲೂ ಜೇಡಿಮಣ್ಣನ್ನು ಒತ್ತಿ ಗೋಡೆ ಕಟ್ಟುತ್ತಾರೆ. ಅದು ಸಹಸ್ರಾರು ವರ್ಷ ಗಟ್ಟಿಯಾಗಿರಬೇಕು. ಅದರೊಳಗೆ ಕ್ಷಾರ ಏರಿತೇ ಎಂಬುದನ್ನು ಒಡೆಯದೆಯೇ ತಿಳಿಯಬೇಕು, ಏಕೆಂದರೆ ಗಾಳಿ ಸೋಕಿದರೆ ಒಳಗಿನ ಗುಣವೇ ಬದಲಾಗುತ್ತದೆ. ಅದಕ್ಕಾಗಿ ಕ್ಷಾರ ತಗುಲಿದರೆ ನೀಲಿಗೆ ತಿರುಗುವ ಹಳದಿ ಹಾಳೆಯೊಂದನ್ನು ಆಕೆ ತಯಾರಿಸಿ, ತ್ಯಾಜ್ಯವಿಲ್ಲದ ಬರೀ ಜೇಡಿಯ ಗಟ್ಟಿಯೊಂದರ ಮುಖಕ್ಕೆ ಅಂಟಿಸಿ, ಗಾಜಿನ ಪೆಟ್ಟಿಗೆಯಲ್ಲಿ ಭದ್ರಪಡಿಸಿ ವರ್ಷವಿಡೀ ಕಾದಳು. ಹಾಳೆ ಹಳದಿಯಾಗಿಯೇ ಉಳಿಯಿತು. ಮಣ್ಣು ನೆಟ್ಟಗಿದೆಯೋ, ಹಾಳೆಯೇ ಸತ್ತಿದೆಯೋ? ಪರೀಕ್ಷಿಸಲು ಪೆಟ್ಟಿಗೆ ತೆರೆದರೆ ಪ್ರಯೋಗ ಮುಗಿದಂತೆ, ತೆರೆಯದಿದ್ದರೆ ಯಾರೂ ನಂಬರು. ಆಕೆ ಊಟ ಬಿಟ್ಟಳೇ ಹೊರತು ಮುಚ್ಚಳ ಮುಟ್ಟಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಾವಿಬ್ಬರೂ ಪೆಟ್ಟಿಗೆಯಿದ್ದ ಆಕೆಯ ಗೋದಾಮಿಗೆ ಬಂದಾಗ, ತೇರಗಾಂವದಿಂದ ಮಣ್ಣಿನ ಎತ್ತುಗಳನ್ನು ತಂದಿದ್ದ ತಾಯಿ ಕಾಶೆವ್ವ ಪೆಟ್ಟಿಗೆಯ ಮುಚ್ಚಳ ತೆಗೆದು, ಹಾಳೆ ಅಂಟಿದ್ದ ಗಟ್ಟಿಯ ಮುಖಕ್ಕೇ ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದು ಕೈಮುಗಿಯುತ್ತಿದ್ದಳು.

'ಯವ್ವಾ! ಗಾಳಿ!' ರಾಜಶ್ರೀ ಚೀರಿದಳು.

'ಇವತ್ತ ಮಣ್ಣಿಗೆ ಈಬತ್ತಿ ಹಚ್ಚಲಾರದ ಹೆಂಗ ಬಿಡ್ಲೆ, ಮಗಳ?'

ರಾಜಶ್ರೀ ಮುಚ್ಚಳ ಹಿಡಿದು ಪೆಟ್ಟಿಗೆಯ ಮೇಲೆ ಬಾಗಿದಳು. ಹಾಳೆಯ ಮೇಲೆ, ಬೂದಿಯ ಕ್ಷಾರ ತಗುಲಿದಲ್ಲೆಲ್ಲ, ಮೂರು ನೀಲಿ ಗೆರೆಗಳು ಮೂಡುತ್ತಿದ್ದವು!

'ಸತ್ತಿಲ್ಲ! ಹಾಳಿ ಸತ್ತಿಲ್ಲ! ವರ್ಷಪೂರ್ತಿ ಖರೇನ ಹೇಳೈತಿ!' ಎಂದು ಆಕೆ ತಾಯಿಯನ್ನು ಎತ್ತಿ ಗಿರಗಿರನೆ ತಿರುಗಿಸಿದಳು. ಕಾಶೆವ್ವ 'ಬಿಡ, ಎತ್ತು ಒಡದಾವು!' ಎಂದು ಕೂಗುತ್ತಲೇ ಇದ್ದಳು. ನನಗೋ ಆನಂದದಿಂದ ಕಣ್ಣು ತುಂಬಿತು.

ಪ್ರಯೋಗ ಅಂದೇ ಹೊಸದಾಗಿ ಆರಂಭವಾಯಿತು. ಈಗ ಪ್ರತಿ ಗಟ್ಟಿಯ ಪಕ್ಕದಲ್ಲೂ ಅದೇ ಹಾಳೆಯ ತುಂಡೊಂದು ಬೇರೆಯೇ ಮುಚ್ಚಳವಿರುವ ಪ್ರತ್ಯೇಕ ಗೂಡಿನಲ್ಲಿರುತ್ತದೆ. ಅಮಾವಾಸ್ಯೆಗೊಮ್ಮೆ ರಾಜಶ್ರೀ ಅದಕ್ಕೆ ವಿಭೂತಿ ಸೋಕಿಸಿ ನೋಡುತ್ತಾಳೆ, ಮತ್ತೆ ಮುಚ್ಚುತ್ತಾಳೆ.

ಏನಾದರೂ ಆದಾಗ ಕುಣಿಯುವವರು ಲೋಕದ ತುಂಬ ಇದ್ದಾರೆ. ಏನೂ ಆಗಿಲ್ಲವೆಂಬುದು ಖಾತ್ರಿಯಾದಾಗ ಕುಣಿಯುವವರು ವಿರಳ. ಇನ್ನೂ ಹುಟ್ಟದವರ ನಿದ್ದೆಯನ್ನು ಇಂದೇ ಕಾಯುತ್ತಿರುವವರು ಅವರು.