ಹಂದಿಗೆ ಹದಿನೈದು ಪೆಸೊ

ನಮ್ಮ ಡೈವಿಂಗ್ ಅಂಗಡಿಯ ಯಜಮಾನ ಫಿಡೆಲಿನೊ ಆರ್ಸಿಯೊನಿಗೆ ಈಜು ಬರುತ್ತಿರಲಿಲ್ಲ. ಆದರೂ ಸಮುದ್ರದ ತಳದಲ್ಲಿ ಏನೇನಿದೆ ಎಂದು ವರ್ಣಿಸುವುದರಲ್ಲಿ ಅವನನ್ನು ಮೀರಿಸುವವರು ಈ ದ್ವೀಪದಲ್ಲೇ ಇರಲಿಲ್ಲ.

ಸೆಬು ಪಟ್ಟಣಕ್ಕೂ ನಮ್ಮೂರಿಗೂ ಮೂವತ್ತು ವರ್ಷ ಜನರನ್ನು ಸಾಗಿಸಿ ತುಕ್ಕು ಹಿಡಿದಿದ್ದ ಫೆರ್ರಿ ಹಡಗನ್ನು ಅವನು ಗುಜರಿಯ ಬೆಲೆಗೆ ಕೊಂಡು, ದಡದಿಂದ ಕೂಗಳತೆ ದೂರದಲ್ಲಿ, ಹನ್ನೆರಡು ಮೀಟರ್ ನೀರಿನಲ್ಲಿ ಮುಳುಗಿಸಿದ. ಅದರ ಇಂಜಿನ್ ನೋಡಿಕೊಳ್ಳುತ್ತಿದ್ದವನು ನನ್ನಪ್ಪ ಅಬುಂಡಿಯೊ. ನಾಲ್ಕು ವರ್ಷಗಳಲ್ಲಿ ಹವಳ ಹತ್ತಿತು, ಮೀನು ಸೇರಿದವು. ಆಗ ಆರ್ಸಿಯೊ ದಡದಲ್ಲಿ ಫಲಕ ನಿಲ್ಲಿಸಿದ: 'ಜಪಾನಿನ ಯುದ್ಧನೌಕೆ, 1944'.

"ಯುದ್ಧನೌಕೆಯಂತೆ, ಯುದ್ಧನೌಕೆ!" ಅಪ್ಪ ಉಗುಳಿದ. "ಅಲೆ ಸ್ವಲ್ಪ ಎದ್ರೆ ಬಂದರು ಬಿಟ್ಟು ಅಲ್ಲಾಡ್ತಿರ್ಲಿಲ್ಲ ಮುಂಡೇದು."

ಡೈವಿಂಗಿಗೆ ಬಂದವರನ್ನು ಕೆಳಗೆ ಕರೆದೊಯ್ಯುವ ಕೆಲಸ ನನ್ನದು. ಟಿಕೆಟ್ ಕೊಡುತ್ತಿದ್ದ ಕಿಂಡಿಯನ್ನು ಅವರು ಬಂದೂಕಿನ ಕಿಂಡಿ ಎಂದುಕೊಂಡು ಫೋಟೊ ತೆಗೆಯುತ್ತಿದ್ದರು. ಒಬ್ಬನಂತೂ ಪಾಯಿಖಾನೆಯೊಳಗೆ ತಲೆಯಿಟ್ಟು ಬಂದು, "ಕ್ಯಾಪ್ಟನ್ ಕೋಣೇಲಿ ಮೈ ಜುಮ್ಮಂತು" ಎಂದ. ನಾನೂ ತಲೆಯಾಡಿಸಿದೆ. ನನಗೂ ಹೊಟ್ಟೆಯಿತ್ತು.

ಆಮೇಲೆ ಕಿನುಯೊ ಬಂದರು. ಅರವತ್ತರ ಹತ್ತಿರದ ಜಪಾನಿ ಹೆಂಗಸು, ಶಾಲೆಯೊಂದರಲ್ಲಿ ನರ್ಸ್ ಆಗಿದ್ದವರು. ಅವರ ಅಜ್ಜ ಯುದ್ಧಕಾಲದಲ್ಲಿ ಇದೇ ಕಡಲಿನಲ್ಲಿ ಹಡಗಿನ ಜೊತೆ ಮುಳುಗಿದ್ದರು, ಹೆಣವೂ ಸಿಕ್ಕಿರಲಿಲ್ಲ. ಅಪ್ಪನ ಮುಖವನ್ನೇ ಕಾಣದ ಅವರ ತಾಯಿ ಒಂದು ಕಾಗದ ಬರೆದುಕೊಟ್ಟಿದ್ದರು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಸಿ ತಂದಿದ್ದರು ಕಿನುಯೊ. ಹಡಗಿನೊಳಗೆ ಅದನ್ನು ಇಡಲೆಂದೇ ಈ ವಯಸ್ಸಿನಲ್ಲಿ ಡೈವಿಂಗ್ ಕಲಿತಿದ್ದರು.

ನಾನು ಆರ್ಸಿಯೊನನ್ನು ಪಕ್ಕಕ್ಕೆ ಕರೆದೆ. "ಸರ್, ಇವ್ರಿಗಾದ್ರೂ ನಿಜ ಹೇಳ್ಬಿಡಿ."

"ತಲೆ ನೆಟ್ಟಗಿದ್ಯೇನೇ ಕ್ರಿಸಾಂತಾ? ಕಾಗ್ದ ಇಟ್ಟು, ಒಂದಿಷ್ಟು ಅತ್ತು, ಹಗುರಾಗಿ ಊರಿಗೆ ಹೋಗ್ಲಿ ಬಿಡು. ಪುಣ್ಯದ ಕೆಲ್ಸ!"

ಹೀಗೆಂದ ಆ ನಾಚಿಕೆಗೆಟ್ಟವನು ಕಿನುಯೊ ಮುಂದೆ ಹೋಗಿ, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ ನಿಂತ.

ಕೆಳಗೆ ನೀರು ಉಗುರುಬೆಚ್ಚಗೆ, ತಿಳಿಯಾಗಿತ್ತು. ಪ್ರಯಾಣಿಕರ ಬೆಂಚುಗಳ ನಡುವೆ ಮಂಡಿಯೂರಿ ಕಿನುಯೊ ಕಾಗದ ತೆಗೆದರು. ಮಾಸ್ಕಿನೊಳಗೆ ಕಣ್ಣು ಮುಚ್ಚಿದ್ದರು.

ನನ್ನಿಂದಾಗಲಿಲ್ಲ. ಅವರ ಮಣಿಕಟ್ಟು ಹಿಡಿದು ತಡೆದೆ. ಗೋಡೆಗೆ ಹೊಡೆದಿದ್ದ ದರಪಟ್ಟಿಯ ತಗಡಿನ ಪಾಚಿಯನ್ನು ಅಂಗೈಯಿಂದ ಉಜ್ಜಿದೆ. ಹಂದಿಯ ಚಿತ್ರ, ಪಕ್ಕದಲ್ಲಿ ಹದಿನೈದು ಪೆಸೊ. ಕೆಳಗೆ ಕೋಳಿ, ಐದು ಪೆಸೊ. ನೀರಿನಲ್ಲಿ ಬರೆಯುವ ಸ್ಲೇಟಿನ ಮೇಲೆ ಗೀಚಿದೆ: 'ಇದು ನಮ್ಮೂರ ಫೆರ್ರಿ. ಯುದ್ಧದ್ದಲ್ಲ. ಕ್ಷಮಿಸಿ.'

ಅವರು ತುಂಬ ಹೊತ್ತು ಆ ಹಂದಿಯನ್ನೇ ನೋಡಿದರು. ಆಮೇಲೆ ಕಾಗದವನ್ನು ಉಡುಪಿನೊಳಗೆ ಸೇರಿಸಿಕೊಂಡು, ಹೆಬ್ಬೆರಳೆತ್ತಿ ಮೇಲೆ ಹೋಗೋಣವೆಂದು ಸನ್ನೆ ಮಾಡಿದರು.

ದಡದಲ್ಲಿ ಆರ್ಸಿಯೊ ಎಳನೀರು ಹಿಡಿದು ಕಾದಿದ್ದ. "ಅಜ್ಜನ ಆತ್ಮಕ್ಕೆ ಶಾಂತಿ ಸಿಕ್ತಾ, ಅಮ್ಮಾ?"

"ನನ್ನ ಅಜ್ಜ ನೌಕಾಪಡೆಯವ್ರು," ಎಂದರು ಕಿನುಯೊ. "ಹಂದಿಗಳ ಪಕ್ಕ ಕೂತು ಯುದ್ಧಕ್ಕೆ ಹೋದವ್ರಲ್ಲ."

ಡೈವಿಂಗ್ ಸಿಲಿಂಡರ್ ಹೊರುವ ಹೆಂಗಸರು ಕಿಸಕ್ಕೆಂದರು. ಆರ್ಸಿಯೊ ನನ್ನ ಕಡೆ ತಿರುಗಿದ. "ನಾಳೆಯಿಂದ ಇತ್ಲಾಗೆ ಮುಖ ಹಾಕ್ಬೇಡ."

"ಹಾಕಲ್ಲ ಸರ್. ನೀವೊಂದ್ಸಲ ಕೆಳಗಿಳಿದು ನೋಡ್ಕೊಂಡು ಬನ್ನಿ. ನಿಮ್ಮ ಟಿಕೆಟ್ಟಿನ ದರಾನೂ ಗೋಡೆ ಮೇಲಿದೆ."

ಮಧ್ಯಾಹ್ನ ಅಪ್ಪ ತನ್ನ ದೋಣಿಯಲ್ಲಿ ಕಿನುಯೊ ಅವರನ್ನು ಆಳ ಕಡಲಿಗೆ ಕರೆದೊಯ್ದ. ನಾನೂ ಹೋದೆ. "ಯುದ್ಧದ ಹಡಗು ಈ ಕಡೆ ಮುಳುಗಿದ್ವು ಅಂತ ಹಿರಿಯರು ಹೇಳ್ತಿದ್ರು ಕಣಮ್ಮ. ನಿಮ್ಮಜ್ಜನ ಹಡಗು ಎಲ್ಲಿದ್ಯೋ, ನಂಗೊತ್ತಿಲ್ಲ," ಎಂದ.

"ಗೊತ್ತಿಲ್ಲ ಅಂದ್ರಲ್ಲ, ಅಷ್ಟು ಸಾಕು," ಎಂದರು ಅವರು. ಕಾಗದವನ್ನು ಗಟ್ಟಿಯಾಗಿ ಓದಿ, ಸೀಸದ ತುಂಡು ಕಟ್ಟಿ ನೀರಿಗೆ ಬಿಟ್ಟರು. ಅಪ್ಪ ಇಂಜಿನ್ ಕಡೆ ಮುಖ ತಿರುಗಿಸಿ, ಕೆಡದಿದ್ದ ಏನನ್ನೋ ರಿಪೇರಿ ಮಾಡುತ್ತಿದ್ದ.

ನನಗೆ ಪಕ್ಕದ ಕೊಲ್ಲಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಬರೀ ಆಮೆಗಳು. ಆರ್ಸಿಯೊನ ವ್ಯಾಪಾರಕ್ಕೆ ಕೂದಲೂ ಕೊಂಕಲಿಲ್ಲ. ಈಗ ಬಂದವರಿಗೆಲ್ಲ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಾನಂತೆ: "ಜಪಾನಿಂದ ಮೊಮ್ಮಗಳೇ ಬಂದು ಅತ್ತು ಹೋದ್ಲು, ಗೊತ್ತಾ?"